ನೀಲಿ ಕೇಬಲ್ಲಿನ ಪಾಠ



ಕಳೆದ ರಾಜ್ಯೋತ್ಸವದ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗಿಯೊಬ್ಬಳು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿಯೇಬಿಟ್ಟಳು: "ಆಂಟಿ, ನೀವು ಪ್ರತಿ ಸಲ ಹಬ್ಬ, ಹಪ್ಪಳ, ಊರಿನ ಮಳೆ ಅಂತ ಬರೀತೀರಿ. ನಾವು ಮಾಡೋ ಕೆಲಸದ ಬಗ್ಗೆ ಒಂದು ಸಲವಾದ್ರೂ ಬರೀಬಾರದಾ?"

ಪ್ರಶ್ನೆ ನ್ಯಾಯವಾದದ್ದೇ. ಅಹಮದಾಬಾದು, ವಡೋದರ, ಸೂರತ್ತುಗಳಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಎಷ್ಟೋ ಜನರಿಗೆ ಈಗ ಕಂಪ್ಯೂಟರೇ ಅನ್ನ ಹಾಕುತ್ತಿದೆ. ನಾನೋ, ಶಿವಮೊಗ್ಗದಲ್ಲಿ ಇಂಗ್ಲಿಷ್ ಬಿ.ಎ. ಮಾಡಿ, ಮದುವೆಯಾಗಿ ವಡೋದರಕ್ಕೆ ಬಂದು, ಮೂವತ್ತು ವರ್ಷದಿಂದ ಕುಕ್ಕರಿನ ಸೀಟಿ ಎಣಿಸುತ್ತಿರುವವಳು. ಆದರೂ ಈ ಸಲ ಒಂದು ಯಂತ್ರದ ಕಥೆ ಹೇಳುತ್ತೇನೆ. ಕೈಯಲ್ಲಿ ಟಾರ್ಚು ಹಿಡಿದು ನಿಂತು ನಾನೇ ಕಣ್ಣಾರೆ ಕಂಡದ್ದು.

ಭಾನುವಾರದ ಚಹಾ

ಸೂರತ್ತಿನಲ್ಲಿರುವ ನನ್ನ ತಂಗಿಯ ಮಗ ಓದು ಮುಗಿಸಿ ಅಲ್ಲೇ ಒಂದು ಪುಟ್ಟ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದ. ಮಾಲೀಕರೂ ಸೇರಿ ಮೂರೇ ಜನ. ಅಂಗಡಿ, ಆಸ್ಪತ್ರೆ, ಕಾರ್ಖಾನೆಗಳ ನೆಟ್‌ವರ್ಕ್ ನೋಡಿಕೊಳ್ಳುವುದು ಅವರ ಕೆಲಸ. ಸೇರಿ ನಾಲ್ಕು ತಿಂಗಳಾಗಿತ್ತು. ಆ ಶನಿವಾರ ನಮ್ಮ ಮನೆಗೆ ಬಂದವನು ಭಾನುವಾರ ರಾತ್ರಿಯ ರೈಲಿಗೆ ಹಿಂದಿರುಗುವವನಿದ್ದ. (ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಹೆಸರೊಂದು ಹಾಕ್ಬೇಡಿ ದೊಡ್ಡಮ್ಮ" ಎಂದಿದ್ದಾನೆ.)

ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಕುಳಿತ. ಸೂರತ್ತಿನ ಒಂದು ಸಣ್ಣ ಆಸ್ಪತ್ರೆಯ ಎರಡನೆಯ ಮಹಡಿಯ ಸ್ವಿಚ್ಚಿನಲ್ಲಿ ಏನೋ ಒಂದು ಸೇರಿಸುವುದಿತ್ತಂತೆ. "ಐದು ನಿಮಿಷದ ಕೆಲಸ ದೊಡ್ಡಮ್ಮ" ಎಂದ. ನಾನು ಒಳಗೆ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ.

ಸಂಜೆ ಆರೂವರೆಗೆ ಚಹಾ ತಂದಿಟ್ಟಾಗ ನೋಡುತ್ತೇನೆ, ಹುಡುಗನ ಮುಖ ಬಿಳಚಿಕೊಂಡಿದೆ. ಅವಲಕ್ಕಿ ತಟ್ಟೆಯಲ್ಲಿ ಹಾಗೆಯೇ ಇದೆ. ಎರಡು ಸಲ ಕೇಳಿದ ಮೇಲೆ ಬಾಯಿಬಿಟ್ಟ: "ದೊಡ್ಡಮ್ಮ, ಕೂತ ಕೊಂಬೆಯನ್ನೇ ಕಡಿದುಕೊಂಡುಬಿಟ್ಟೆ."

ಒಂದು ಪದದ ಬೆಲೆ

ಅವನು ರೈಲಿನಲ್ಲಿ ನನಗೆ ತಿಳಿಸಿ ಹೇಳಿದ್ದನ್ನು ನಾನು ನಿಮಗೆ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ, ನಗಬೇಡಿ.

ಸ್ವಿಚ್ ಎಂದರೆ ಗೋಡೆಯ ಮೇಲಿನ ದೀಪದ ಸ್ವಿಚ್ಚಲ್ಲ. ಹಲವು ಕಂಪ್ಯೂಟರುಗಳ ತಂತಿಗಳು ಬಂದು ಸೇರುವ ಪೆಟ್ಟಿಗೆ. ಒಂದರಿಂದ ಬಂದ ಸುದ್ದಿಯನ್ನು ಅದು ಯಾರಿಗೆ ಸೇರಬೇಕೋ ಅವರಿಗಷ್ಟೇ ತಲುಪಿಸುತ್ತದೆ. ಮನೆಗೆ ತರುವ ಸಾಮಾನ್ಯ ಸ್ವಿಚ್ಚಿಗೆ ಯಾವ ಆಜ್ಞೆಯೂ ಬೇಡ, ತಂತಿ ಸಿಕ್ಕಿಸಿದರೆ ಸಾಕು. ಆಸ್ಪತ್ರೆ, ಕಚೇರಿಗಳಲ್ಲಿರುವುದು ಮ್ಯಾನೇಜ್ಡ್ ಸ್ವಿಚ್. ಅದಕ್ಕೆ ತನ್ನದೇ ವಿಳಾಸ, ಪಾಸ್‌ವರ್ಡ್ ಎಲ್ಲ ಇರುತ್ತದೆ. ಹೇಳಿದ ಮಾತನ್ನು ಕೇಳುತ್ತದೆ. ಒಂದೇ ಪೆಟ್ಟಿಗೆಯೊಳಗೆ ಲ್ಯಾಬಿನವರ ದಾರಿ ಬೇರೆ, ಬಿಲ್ಲಿಂಗಿನವರ ದಾರಿ ಬೇರೆ, ರೋಗಿಗಳ ಕಡೆಯವರ ವೈಫೈ ದಾರಿ ಬೇರೆ ಎಂದು ಗೋಡೆ ಹಾಕಬಹುದು. ಈ ಬೇರೆ ಬೇರೆ ದಾರಿಗಳಿಗೆ ವಿ-ಲ್ಯಾನ್ ಎನ್ನುತ್ತಾರೆ, ಒಂದೊಂದಕ್ಕೂ ಒಂದು ನಂಬರು. ಎರಡನೆಯ ಮಹಡಿಯ ಪೆಟ್ಟಿಗೆಯಿಂದ ಕೆಳಗಿನ ದೊಡ್ಡ ಪೆಟ್ಟಿಗೆಗೆ ಹೋಗುವುದು ಒಂದೇ ತಂತಿ. ಆ ತಂತಿಯ ಮೇಲೆ ಯಾವ ಯಾವ ನಂಬರಿಗೆ ಪ್ರವೇಶ ಎಂಬ ಪಟ್ಟಿ ಸ್ವಿಚ್ಚಿನಲ್ಲಿ ಬರೆದಿರುತ್ತದೆ.

ಹೊಸ ಕ್ಯಾಮೆರಾಗಳಿಗಾಗಿ 30ನೆಯ ನಂಬರನ್ನು ಈ ಪಟ್ಟಿಗೆ ಸೇರಿಸಬೇಕಿತ್ತು. ಸಿಸ್ಕೋ ಪೆಟ್ಟಿಗೆಗಳಲ್ಲಿ ಅದಕ್ಕೆ "ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿ-ಲ್ಯಾನ್ ಆ್ಯಡ್ 30" ಎಂದು ಬರೆಯಬೇಕು. ನಮ್ಮ ಹುಡುಗ "ಆ್ಯಡ್" ಎಂಬುದನ್ನು ಬಿಟ್ಟುಬಿಟ್ಟ. ಆ್ಯಡ್ ಇದ್ದರೆ "ಇರುವವರ ಜೊತೆಗೆ 30ನ್ನೂ ಸೇರಿಸು" ಎಂದರ್ಥ. ಇಲ್ಲದಿದ್ದರೆ "30 ಒಬ್ಬನೇ ಸಾಕು, ಉಳಿದವರೆಲ್ಲ ಹೊರಗೆ" ಎಂದರ್ಥ! ಬಿ.ಎ. ತರಗತಿಯಲ್ಲಿ ನಮ್ಮ ಮೇಷ್ಟ್ರು ಒಂದು ಪದ ಬಿಟ್ಟದ್ದಕ್ಕೆ ಅರ್ಧ ಅಂಕ ಕಡಿಯುತ್ತಿದ್ದರು. ಇಲ್ಲಿ ಒಂದು ಪದಕ್ಕೆ ಆಸ್ಪತ್ರೆಯ ಒಂದು ಮಹಡಿಯೇ ಹೋಯಿತು.

ಹೊರಗೆ ಬಿದ್ದವರಲ್ಲಿ ಲ್ಯಾಬು, ಬಿಲ್ಲಿಂಗು ಇದ್ದಂತೆ, ವಡೋದರದಿಂದ ಆ ಸ್ವಿಚ್ಚಿನೊಳಗೆ ಹೋಗಲು ಅವನು ಬಳಸುತ್ತಿದ್ದ ದಾರಿಯೂ ಇತ್ತು. ತಪ್ಪನ್ನು ತಿದ್ದಲು ಹೋಗಬೇಕಾದ ಬಾಗಿಲನ್ನೇ ತಪ್ಪು ಮುಚ್ಚಿಬಿಟ್ಟಿತ್ತು.

ಆಸ್ಪತ್ರೆಯ ಟೆಕ್ನೀಷಿಯನ್ನಿಗೆ ಫೋನ್ ಮಾಡಿ ಸ್ವಿಚ್ಚಿನ ಕರೆಂಟು ಆರಿಸಿ ಹಾಕಿಸಿದನಂತೆ. ಅದರಿಂದ ಉಪಯೋಗವಾಗಬೇಕಿತ್ತು. ಏಕೆಂದರೆ ಸ್ವಿಚ್ಚಿಗೆ ಎರಡು ನೆನಪು: ಒಂದು ಈಗ ನಡೆಯುತ್ತಿರುವುದು, ಇನ್ನೊಂದು ಬರೆದಿಟ್ಟದ್ದು. ಕರೆಂಟು ಹೋಗಿ ಬಂದರೆ ಬರೆದಿಟ್ಟದ್ದು ಮಾತ್ರ ಉಳಿಯುತ್ತದೆ. ಆದರೆ ಇವನು ಎಲ್ಲ ಆಜ್ಞೆಗಳನ್ನೂ ಒಂದು ಕಾಗದದಂತೆ ಒಟ್ಟಿಗೆ ಅಂಟಿಸಿದ್ದ, ಕೊನೆಯ ಸಾಲಿನಲ್ಲಿ "ಬರೆದಿಡು" ಎಂಬುದೂ ಇತ್ತು. ಸ್ವಿಚ್ಚು ಪಾಪ, ಹೇಳಿದಷ್ಟನ್ನೂ ನಿಷ್ಠೆಯಿಂದ ಮಾಡಿತ್ತು. ಕರೆಂಟು ಬಂದಾಗ ತಪ್ಪೂ ಅದರ ಜೊತೆಗೇ ಎದ್ದು ಕುಳಿತಿತು.

ಎರಡು ಗಂಟೆ ಎಲ್ಲಿ ಹೋಯಿತು?

ತಪ್ಪಾದದ್ದು ನಾಲ್ಕೂವರೆಗೆ. ನನಗೆ ಹೇಳಿದ್ದು ಆರೂವರೆಗೆ. "ನಿನ್ನ ಮಾಲೀಕರಿಗೆ ಹೇಳಿದೆಯಾ?" ಎಂದೆ. ತಲೆ ತಗ್ಗಿಸಿದ. ಅವರು ಮದುವೆಗೆಂದು ಅಹಮದಾಬಾದಿಗೆ ಹೋಗಿದ್ದಾರೆ, ಇನ್ನೊಬ್ಬ ರಜೆಯಲ್ಲಿದ್ದಾನೆ, ಹೇಗಾದರೂ ಸದ್ದಿಲ್ಲದೆ ಸರಿಮಾಡೋಣ ಅಂದುಕೊಂಡೆ, ಕೆಲಸ ಹೋದರೆ ಅಮ್ಮನಿಗೆ ಏನು ಹೇಳಲಿ... ಇದೇ ಹಾಡು.

ಅಲ್ಲಿ ವಾರ್ಡಿನ ನರ್ಸುಗಳು ಲ್ಯಾಬಿನಿಂದ ರಕ್ತಪರೀಕ್ಷೆಯ ಫಲಿತಾಂಶವನ್ನು ಚೀಟಿಯಲ್ಲಿ ಬರೆಸಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರಂತೆ. ಭಾನುವಾರವಾದ್ದರಿಂದ ಹೇಗೋ ನಡೆಯುತ್ತಿತ್ತು. ಬೆಳಗಾದರೆ ಸೋಮವಾರದ ಹೊರರೋಗಿಗಳ ಸಾಲು. "ನಿನ್ನ ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ಚೀಟಿಯಲ್ಲಿ ಒಂದು ಅಂಕಿ ತಪ್ಪಾದರೆ ಯಾರ ಗತಿ ಏನು? ಮೊದಲು ಫೋನ್ ಮಾಡು" ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು ಎಂದು ನಮ್ಮವರು ಆಮೇಲೆ ಹೇಳಿದರು.

ಫೋನ್ ಮಾಡಿದ. ಸ್ಪೀಕರಿನಲ್ಲಿ ಮದುವೆಯ ಬ್ಯಾಂಡಿನ ಸದ್ದು. ಮಾಲೀಕರು ಎಲ್ಲವನ್ನೂ ಕೇಳಿ ಕೂಗಾಡಲಿಲ್ಲ. "ಪಹೇಲಾ ಕೇಮ್ ನ ಕಹ್ಯುಂ?" ಎಂದರು ಅಷ್ಟೆ. ಮೊದಲೇ ಯಾಕೆ ಹೇಳಲಿಲ್ಲ? ಆ ಪ್ರಶ್ನೆಗೆ ಗುಜರಾತಿಯಲ್ಲೂ ಉತ್ತರವಿಲ್ಲ, ಕನ್ನಡದಲ್ಲೂ ಇಲ್ಲ. ಆಮೇಲೆ ಕೇಳಿದರು, "ನೀಲಿ ಕೇಬಲ್ ನಿನ್ನ ಹತ್ತಿರ ಇದೆಯಾ?" ಇರಲಿಲ್ಲ. ಅದು ಸೂರತ್ತಿನ ಆಫೀಸಿನ ಎರಡನೆಯ ಡ್ರಾಯರಿನಲ್ಲಿ, ಬೀಗದ ಕೈ ಪಕ್ಕದ ಔಷಧಿ ಅಂಗಡಿಯಲ್ಲಿ. "ಹೋಗಿ ತಗೊಂಡು ಕನ್ಸೋಲ್‌ನಿಂದ ತಿದ್ದು. ಆಸ್ಪತ್ರೆಯವರಿಗೆ ತಪ್ಪು ನಮ್ಮದೇ ಅಂತ ನಾನೇ ಹೇಳ್ತೇನೆ" ಎಂದರು.

ವಡೋದರದಿಂದ ಸೂರತ್ತಿಗೆ 130 ಕಿಲೋಮೀಟರು, ರೈಲಿನಲ್ಲಿ ಸುಮಾರು ಎರಡು ಗಂಟೆ. ಹುಡುಗನ ಕೈ ನಡುಗುತ್ತಿದ್ದುದನ್ನು ಕಂಡು ನಾನೂ ಹೊರಟೆ. ತಂಗಿಯ ಮನೆಗೆ ಹೋಗಿ ಬಹಳ ದಿನವಾಗಿತ್ತು ಎಂಬುದೊಂದು ನೆಪ.

ಟಾರ್ಚು ಹಿಡಿದ ದೊಡ್ಡಮ್ಮ

ಆಸ್ಪತ್ರೆ ತಲುಪಿದಾಗ ರಾತ್ರಿ ಹತ್ತು ಗಂಟೆ. ಬಾಗಿಲಲ್ಲಿ ವಾಚ್‌ಮನ್ ರಿಜಿಸ್ಟರಿಗೆ ಇಬ್ಬರ ಸಹಿಯನ್ನೂ ಹಾಕಿಸಿಕೊಂಡ. "ಇವರು ಯಾರು?" ಎಂದದ್ದಕ್ಕೆ ಹುಡುಗ "ಮಾರಾ ಮಾಸಿ" ಎಂದ. ಜೊತೆಯಲ್ಲಿ ಬಂದ ಟೆಕ್ನೀಷಿಯನ್ ಬೀಗ ತೆಗೆದ. ಒಳಗೆ ಒಬ್ಬರು ನಿಲ್ಲುವಷ್ಟೇ ಜಾಗ. ಸ್ವಿಚ್ಚಿನ ಹಿಂಬದಿ ಕತ್ತಲು. ಬಾಗಿಲಲ್ಲೇ ನಿಂತು ಮೊಬೈಲಿನ ಟಾರ್ಚು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

ನೀಲಿ ಕೇಬಲ್ ಎಂದರೆ ತೆಳು ನೀಲಿ ಬಣ್ಣದ ಚಪ್ಪಟೆ ತಂತಿ, ಲಾಡಿಯ ಹಾಗೆ. ಒಂದು ತುದಿ ಮಾಮೂಲಿ ನೆಟ್‌ವರ್ಕ್ ತಂತಿಯ ಹಾಗೆಯೇ ಕಾಣುತ್ತದೆ. ಅದು ಸ್ವಿಚ್ಚಿನ ಮೇಲೆ "ಕನ್ಸೋಲ್" ಎಂದು ಬರೆದ ತೂತಿಗೆ. ಆ ತೂತೂ ಉಳಿದವುಗಳ ಹಾಗೆಯೇ ಕಾಣುತ್ತದೆ, ಆದರೆ ಅದು ಆಡುವ ಭಾಷೆ ಬೇರೆ. ಮಾಮೂಲಿ ನೆಟ್‌ವರ್ಕ್ ತಂತಿಯನ್ನು ಅಲ್ಲಿಗೆ ಸಿಕ್ಕಿಸಬಾರದು. ಇನ್ನೊಂದು ತುದಿಯಲ್ಲಿ ಒಂಬತ್ತು ತೂತಿನ ದೊಡ್ಡ ಮೂತಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ಜಾಗವೇ ಇಲ್ಲ, ಆದ್ದರಿಂದ ಮಧ್ಯೆ ಒಂದು ಯುಎಸ್‌ಬಿ ಕನ್ವರ್ಟರು ಬೇಕು. ಹೊಸ ಸ್ವಿಚ್ಚುಗಳು ಕೆಲವಕ್ಕೆ ನೇರವಾಗಿ ಯುಎಸ್‌ಬಿ ಕನ್ಸೋಲೇ ಇರುತ್ತದಂತೆ.

ಸಿಕ್ಕಿಸಿದ. ಲ್ಯಾಪ್‌ಟಾಪು ಆ ಕನ್ವರ್ಟರಿನ ಗುರುತೇ ಹಿಡಿಯಲಿಲ್ಲ; ಡ್ರೈವರ್ ಬೇಕೆಂದಿತು. ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಅಲ್ಲಿ ಸತ್ತಿದ್ದೇ ನೆಟ್‌ವರ್ಕು! ನನ್ನ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟೆ. ಹತ್ತು ನಿಮಿಷ ಹೋಯಿತು. ಆಮೇಲೆ ಡಿವೈಸ್ ಮ್ಯಾನೇಜರಿನಲ್ಲಿ "ಕಾಮ್ 3" ಎಂದು ಕಾಣಿಸಿತು. ಪುಟ್ಟಿ ಎಂಬ ಪ್ರೋಗ್ರಾಮು ತೆರೆದು, ಸೀರಿಯಲ್ ಎಂದು ಆರಿಸಿ, ಕಾಮ್ 3 ಬರೆದು, ಎಂಟರ್ ಒತ್ತಿದ.

ಪರದೆಯ ತುಂಬ ಚೌಕ, ಪ್ರಶ್ನಾರ್ಥಕ ಚಿಹ್ನೆ, ಯಾವ ಲಿಪಿಗೂ ಸೇರದ ಅಕ್ಷರ. ಹುಡುಗ ತಲೆ ಮೇಲೆ ಕೈ ಹೊತ್ತ. "ಇದೇನೋ ಇದು?" ಎಂದೆ. ನೋಡಿದ, ತನಗೆ ತಾನೇ ನಕ್ಕ. ಹಿಂದಿನ ವಾರ ಬೇರೊಂದು ಪೆಟ್ಟಿಗೆಗೆ ಇಟ್ಟಿದ್ದ 115200 ಎಂಬ ವೇಗ ಹಾಗೆಯೇ ಉಳಿದಿತ್ತು. ಈ ಸ್ವಿಚ್ಚು ಮಾತಾಡುವುದು 9600ರಲ್ಲಿ. ಒಬ್ಬರು ಓಡುತ್ತಾ ಹೇಳಿದರೆ ಇನ್ನೊಬ್ಬರು ನಡೆಯುತ್ತಾ ಕೇಳಿದ ಹಾಗೆ. ವೇಗ ಬದಲಿಸಿ ಮತ್ತೆ ಎಂಟರ್ ಒತ್ತಿದ.

ಕಪ್ಪು ಪರದೆಯ ಮೇಲೆ ಸ್ವಿಚ್ಚಿನ ಹೆಸರು ಮೂಡಿತು, ಪಕ್ಕದಲ್ಲಿ ಮಿನುಗುವ ಒಂದು ಪುಟ್ಟ ಚೌಕ. ಮಕ್ಕಳೇ, ಆ ಕ್ಷಣ ನನಗೂ ಉಸಿರು ಬಂದಂತಾಯಿತು.

ಪಾಸ್‌ವರ್ಡ್ ಹಾಕಿ ಒಳಗೆ ಹೋದ. ಪಟ್ಟಿ ತೆಗೆದು ತೋರಿಸಿದ. ಒಂಟಿಯಾಗಿ 30 ಕುಳಿತಿತ್ತು. ಉಳಿದ ನಂಬರುಗಳನ್ನು ಸೇರಿಸುವ ಸಾಲನ್ನು ಬರೆದು, ಎಂಟರ್ ಒತ್ತುವ ಮೊದಲು ನನ್ನ ಕಡೆ ತಿರುಗಿ, "ದೊಡ್ಡಮ್ಮ, ಆ್ಯಡ್ ಇದೆಯಾ ನೋಡಿ" ಎಂದ. ಕನ್ನಡಕ ಹಾಕಿಕೊಂಡು ಓದಿ "ಇದೆ" ಎಂದೆ. ನನ್ನ ಬಿ.ಎ. ಪದವಿ ಅಂದು ಸಾರ್ಥಕವಾಯಿತು! ಮೊದಲು ಲ್ಯಾಬಿನ ಕಂಪ್ಯೂಟರು ಬಂತೇ ಎಂದು ಟೆಕ್ನೀಷಿಯನ್ನನ್ನು ಕೇಳಿದ. ಬಂತು ಎಂದ ಮೇಲೆಯೇ "ಬರೆದಿಡು" ಎಂಬ ಆಜ್ಞೆ ಕೊಟ್ಟ. ಆಗ ಹತ್ತು ಐವತ್ತು.

ಮುದಿ ತಂತಿ, ನಿಧಾನದ ತಂತಿ

ತಂಗಿಯ ಮನೆಯಲ್ಲಿ ಹನ್ನೊಂದೂವರೆಗೆ ಮೊಸರನ್ನ ಉಣ್ಣುತ್ತಾ ನಾನು ಕೇಳಿದೆ, "ಅಲ್ಲವೋ, ಅಷ್ಟು ದುಬಾರಿ ಪೆಟ್ಟಿಗೆಗೆ ಇಂಥ ಹಳೆಯ ತಂತಿ ಯಾಕೆ?"

ಅದು ನಿಜಕ್ಕೂ ಹಳೆಯದೇ. ಆ ತಂತಿಯ ಮೇಲೆ ಮಾತಾಡುವ ರೀತಿಗೆ ಆರ್‌ಎಸ್-232 ಎಂದು ಹೆಸರು, ಅಮೆರಿಕದಲ್ಲಿ ಅದನ್ನು ಗೊತ್ತುಪಡಿಸಿದ್ದು 1960ರಲ್ಲಿ. ವೇಗವನ್ನು ಅಳೆಯುವ ಬಾಡ್ ಎಂಬ ಮಾತು ಬಂದಿರುವುದು ಎಮಿಲ್ ಬೋದೋ ಎಂಬ ಫ್ರಾನ್ಸಿನ ತಂತಿ ಇಂಜಿನಿಯರನ ಹೆಸರಿನಿಂದ. ನಿಮ್ಮ ತಾತಂದಿರು ನೌಕರಿಗೆ ಸೇರಲು ಗುಜರಾತಿಗೆ ಬಂದು "ಕ್ಷೇಮವಾಗಿ ತಲುಪಿದೆ" ಎಂದು ಊರಿಗೆ ಟೆಲಿಗ್ರಾಂ ಕೊಡುತ್ತಿದ್ದರಲ್ಲ, ಅದೇ ವಂಶದ್ದು. ಆ ಟೆಲಿಗ್ರಾಂ ಸೇವೆ ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ನಿಂತುಹೋಯಿತು. ಅದರ ಮೊಮ್ಮಗ ಸ್ವಿಚ್ಚಿನ ಬೆನ್ನ ಹಿಂದೆ ಇನ್ನೂ ಬದುಕಿದ್ದಾನೆ.

9600 ಎಂದರೆ ಸೆಕೆಂಡಿಗೆ ಅಷ್ಟು ಬಿಟ್ಟುಗಳು. ಒಂದು ಅಕ್ಷರಕ್ಕೆ ಎಂಟು ಬಿಟ್ಟು, ಶುರುವಿಗೊಂದು, ಕೊನೆಗೊಂದು, ಒಟ್ಟು ಹತ್ತು. ಹಾಗಾದರೆ ಸೆಕೆಂಡಿಗೆ 960 ಅಕ್ಷರ. 80 ಅಕ್ಷರದ 24 ಸಾಲಿನ ಪರದೆ ತುಂಬಲು ಎರಡು ಸೆಕೆಂಡು. ಸಿನಿಮಾ ನೋಡಲಾಗದು ನಿಜ, ಆದರೆ ಆಜ್ಞೆ ಕೊಡಲು ಧಾರಾಳ ಸಾಕು. ಅದಕ್ಕೆ ವಿಳಾಸ ಬೇಡ, ನೆಟ್‌ವರ್ಕ್ ಬೇಡ, ಮಧ್ಯೆ ಯಾರೂ ಬೇಡ. ಪೆಟ್ಟಿಗೆಗೆ ಕರೆಂಟು ಬಂದು ಕಣ್ಣು ಬಿಡುವ ಕ್ಷಣದಿಂದಲೇ ಅದು ಮಾತಾಡುತ್ತದೆ. ಎದುರಿಗೆ ಹೋಗಿ ನಿಂತವರೊಡನೆ ಮಾತ್ರ ಮಾತಾಡುತ್ತದೆ, ಅಷ್ಟೇ ಷರತ್ತು. ಅದಕ್ಕೇ ಆ ಕೋಣೆಗೆ ಬೀಗ, ಬಾಗಿಲಲ್ಲಿ ರಿಜಿಸ್ಟರು. ಪೆಟ್ಟಿಗೆಯ ಎದುರು ನಿಂತವನು ಪಾಸ್‌ವರ್ಡನ್ನೂ ಬದಲಿಸಬಲ್ಲ.

ದೊಡ್ಡವರೂ ಬಿದ್ದಿದ್ದಾರೆ

ನಮ್ಮ ಹುಡುಗನಿಗೆ ಸಮಾಧಾನವಾಗಲೆಂದು ಅವನ ಮಾಲೀಕರು ಮರುದಿನ ಒಂದು ಕಥೆ ಹೇಳಿದರಂತೆ. ನಿಮಗೂ ನೆನಪಿರಬಹುದು. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ನಂತರ ನಮ್ಮಲ್ಲಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಲ್ಲ ಒಟ್ಟಿಗೆ ನಿಂತುಹೋದವು. ಸುಮಾರು ಆರು ಗಂಟೆ ಕಾಲ. ಕಾರಣವನ್ನು ಆ ಕಂಪನಿಯೇ ಮರುದಿನ ಬರೆದು ತಿಳಿಸಿತು: ಮಾಮೂಲಿ ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆ ಅವರ ಲೋಕದಾದ್ಯಂತದ ದೊಡ್ಡ ಜಾಲವನ್ನೇ ಕಡಿದುಹಾಕಿತು. ಅಂಥ ಆಜ್ಞೆಯನ್ನು ತಡೆಯಬೇಕಿದ್ದ ಪ್ರೋಗ್ರಾಮಿನಲ್ಲೂ ದೋಷವಿತ್ತು. ದೂರದಿಂದ ಸರಿಪಡಿಸುವ ದಾರಿಗಳೂ ಅದರೊಂದಿಗೇ ಮುಚ್ಚಿಹೋದವು. ಕೊನೆಗೆ ಇಂಜಿನಿಯರುಗಳು ಯಂತ್ರಗಳಿರುವ ಕಟ್ಟಡಗಳಿಗೇ ಹೋಗಬೇಕಾಯಿತು. ಅಲ್ಲಿನ ಕಾವಲು ಬಿಗಿಯಾದ್ದರಿಂದ ಒಳಗೆ ಹೋಗಲೂ ಸಮಯ ಹಿಡಿಯಿತು. ನೋಡಿ, ಸೂರತ್ತಿನ ನಾಲ್ಕು ತಿಂಗಳ ನೌಕರನೂ ಅಷ್ಟು ದೊಡ್ಡ ಕಂಪನಿಯೂ ಕಡಿದದ್ದು ತಾವು ಕೂತ ಕೊಂಬೆಯನ್ನೇ!

ಆ ರಾತ್ರಿ ನಮ್ಮ ಮನೆಯಲ್ಲೂ ಒಂದು ಘಟನೆ ನಡೆಯಿತು. ಜರ್ಮನಿಯಲ್ಲಿ ಓದುತ್ತಿದ್ದ ಮಗಳು ದಿನಾ ರಾತ್ರಿ ಹತ್ತಕ್ಕೆ ವಾಟ್ಸಾಪಿನಲ್ಲಿ ಕರೆ ಮಾಡುವವಳು. ಅಂದು ಬರಲಿಲ್ಲ. ನನ್ನ ಹತ್ತಿರ ಇದ್ದದ್ದು ಅವಳ ಹಳೆಯ ಭಾರತದ ನಂಬರು ಮಾತ್ರ, ಅಲ್ಲಿನ ಸಿಮ್ಮಿನ ನಂಬರನ್ನು ನಾನು ಬರೆದಿಟ್ಟುಕೊಂಡೇ ಇರಲಿಲ್ಲ. ಅವಳೂ ತನ್ನ ಫೋನನ್ನು ಎಲ್ಲೋ ಚಾರ್ಜಿಗಿಟ್ಟು, ಗೆಳತಿಯ ಫೋನು ಹಿಡಿದು ಕುಳಿತಿದ್ದಳಂತೆ. ಅವಳಿಗೆ ಬಾಯಿಗೆ ಬರುತ್ತಿದ್ದದ್ದು ಜಗತ್ತಿನಲ್ಲಿ ಒಂದೇ ನಂಬರು, ಸಾಗರದಲ್ಲಿರುವ ಅಜ್ಜಿಯ ಮನೆಯ ಲ್ಯಾಂಡ್‌ಲೈನು. ಚಿಕ್ಕವಳಿದ್ದಾಗ ರಜೆಗೆ ಹೋದಾಗಲೆಲ್ಲ ಅಜ್ಜ ಕಂಠಪಾಠ ಮಾಡಿಸಿದ್ದು. ಅದಕ್ಕೆ ಕರೆ ಮಾಡಿದಳು. ಹತ್ತೂವರೆಗೆ ನನ್ನ ಅಮ್ಮ ನನಗೆ ಫೋನ್ ಮಾಡಿ, "ಹೆದರ್ಬೇಡ ಕಣೇ, ಮಗು ಆರಾಮಾಗಿದೆಯಂತೆ. ನಿಮ್ಮ ಅದ್ಯಾವುದೋ ಆಪು ಕೆಟ್ಟಿದೆಯಂತಲ್ಲ" ಎಂದರು. ತಾಮ್ರದ ತಂತಿಯ ಆ ಫೋನಿಗೆ ಕರೆಂಟೂ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಊರಿಗೆ ಊರೇ ಕತ್ತಲಾದಾಗಲೂ ಅದು ಬದುಕಿರುತ್ತಿತ್ತು.

ಸೂರತ್ತಿನ ಆ ಕೋಣೆಯಲ್ಲಿ ಟಾರ್ಚು ಹಿಡಿದು ನಿಂತಾಗ ನನಗೆ ನೆನಪಾದದ್ದು ಆ ಫೋನೇ.

ಈ ಸಲದ ಮನೆಗೆಲಸ

ನೆಟ್‌ವರ್ಕ್ ಕೆಲಸದಲ್ಲಿರುವ ಮಕ್ಕಳಿಗೆ, ನಮ್ಮ ಹುಡುಗ ಬರೆದುಕೊಟ್ಟ ನಾಲ್ಕು ಮಾತು. ಒಂದು, ನೀಲಿ ಕೇಬಲ್ಲೂ ಕನ್ವರ್ಟರೂ ನಿಮ್ಮ ಚೀಲದಲ್ಲೇ ಇರಲಿ, ಡ್ರೈವರನ್ನು ಮೊದಲೇ ಹಾಕಿಟ್ಟು ಒಮ್ಮೆ ಪರೀಕ್ಷಿಸಿ. ಎರಡು, ಯಾವ ಪೆಟ್ಟಿಗೆಯ ವೇಗ ಎಷ್ಟು ಎಂದು ಚೀಟಿ ಬರೆದು ಅದರ ಮೇಲೇ ಅಂಟಿಸಿ. ಮೂರು, ದೂರದಿಂದ ಕೆಲಸ ಮಾಡುವಾಗ ಮೊದಲು "ರೀಲೋಡ್ ಇನ್ 10" ಎಂದು ಹೇಳಿ ಶುರುಮಾಡಿ. ಬಾಗಿಲು ಮುಚ್ಚಿಹೋದರೆ ಹತ್ತು ನಿಮಿಷಕ್ಕೆ ಸ್ವಿಚ್ಚು ತಾನೇ ಮಲಗೆದ್ದು ಹಳೆಯದನ್ನು ಓದಿಕೊಳ್ಳುತ್ತದೆ. ಎಲ್ಲ ಸರಿಯಿದ್ದರೆ ಆ ಆಜ್ಞೆಯನ್ನು ರದ್ದುಮಾಡಿ. ನಾಲ್ಕು, ಸರಿಯಾಯಿತೆಂದು ಕಂಡ ಮೇಲೆಯೇ "ಬರೆದಿಡು" ಎನ್ನಿ.

ಐದನೆಯದು ನನ್ನದು: ತಪ್ಪಾದ ಐದು ನಿಮಿಷದೊಳಗೆ ಮೇಲಿನವರಿಗೆ ಹೇಳಿ. ಹುಡುಗನ ಕೆಲಸ ಹೋಗಲಿಲ್ಲ. ಮಾಲೀಕರು ಬೈದದ್ದು ಬಿಟ್ಟುಹೋದ "ಆ್ಯಡ್"ಗಾಗಿ ಅಲ್ಲ, ಸುಮ್ಮನೆ ಕಳೆದ ಆ ಎರಡು ಗಂಟೆಗಾಗಿ.

ಉಳಿದ ಮಕ್ಕಳಿಗೆ ಒಂದೇ ಕೆಲಸ. ಫೋನು ನೋಡದೆ ನಿಮ್ಮವರ ಎಷ್ಟು ನಂಬರು ಹೇಳಬಲ್ಲಿರಿ? ಅಪ್ಪನದು? ಅಮ್ಮನದು? ಊರಿನ ಅಜ್ಜಿಯದು? ಈ ಭಾನುವಾರ ಮೂರು ನಂಬರು ಬಾಯಿಪಾಠ ಮಾಡಿ, ಒಂದು ಕಾಗದದಲ್ಲಿ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿ. ಅಂಟಿಸುವ ಮೊದಲು ಒಮ್ಮೆ ಆ ನಂಬರಿಗೆ ಫೋನ್ ಮಾಡಿ ನೋಡಿ. ಕೇಬಲ್ಲನ್ನು ಹೇಗೆ ಮೊದಲೇ ಪರೀಕ್ಷಿಸಬೇಕೋ ಹಾಗೆ. ಅಜ್ಜಿ ಎತ್ತಿದರೆ ಬೇಗ ಇಡಬೇಡಿ, ನಿಧಾನವಾಗಿ ಮಾತಾಡಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಹಪ್ಪಳದ ಸುದ್ದಿ ಆಗ.

ನಿಮ್ಮ ಪ್ರೀತಿಯ
ಆಂಟಿ, ವಡೋದರ